ಮೂರನೆಯ ಸಲದ ಉಪಚಾರ

ಮುರ್ವಾನಿಯ ಕೈ ನೋಡಿದವರು ಅವಳ ವಯಸ್ಸಿಗೆ ಹತ್ತು ವರ್ಷ ಸೇರಿಸಿ ಹೇಳುತ್ತಿದ್ದರು. ಸೋಪಿನ ನೀರಿನಲ್ಲಿ ನೆನೆದೂ ನೆನೆದೂ ಬೆರಳ ತುದಿಗಳು ಬಿಳುಚಿ ಸುಕ್ಕುಗಟ್ಟಿದ್ದವು. ಎಡಗೈ ಹೆಬ್ಬೆರಳಿನ ಬುಡದಲ್ಲಿ ಹಳೆಯ ಗಾಯದ ಗುರುತೊಂದಿತ್ತು. ಯಾರಾದರೂ ಕೇಳಿದರೆ ಇಸ್ತ್ರಿಪೆಟ್ಟಿಗೆ ತಾಗಿದ್ದು ಎನ್ನುತ್ತಿದ್ದಳು. ಜಾವಾದ ಸೋಲೊ ಊರಿನ ಹಳೇ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ, ಮನೆಯ ಮುಂದಿನ ಕೋಣೆಯಲ್ಲೇ ಎರಡು ವಾಷಿಂಗ್ ಮೆಷಿನ್ ಇಟ್ಟುಕೊಂಡು, ಊರವರ ಬಟ್ಟೆಯನ್ನು ತೂಗಿ ತೆಗೆದುಕೊಂಡು ಒಗೆದು ಮಡಿಸಿಕೊಡುವುದು ಅವಳ ಕಸುಬು. ಗಂಡ ಸುಗಿಯೊ ಜಕಾರ್ತಾ ಬಸ್ಸಿನ ಡ್ರೈವರ್. ತಿಂಗಳಲ್ಲಿ ನಾಲ್ಕು ದಿನ ಮನೆಯಲ್ಲಿರುತ್ತಿದ್ದ, ಅದರಲ್ಲಿ ಎರಡು ದಿನ ನಿದ್ದೆ. ಉಳಿದದ್ದೆಲ್ಲ ಇವಳ ತಲೆಯ ಮೇಲೆ. ಬೇರೆಯವರಿಗೆ ಆಯಾಸ ಸಂಜೆ ಬರುತ್ತದೆ, ಮುರ್ವಾನಿಗೆ ಬೆಳಿಗ್ಗೆ ಚಾಪೆ ಸುತ್ತುವಾಗಲೇ ಬಂದು ಕೂತಿರುತ್ತಿತ್ತು.

ಇಷ್ಟರ ನಡುವೆ ಅವಳಿಗಿದ್ದ ಒಂದೇ ಹೆಮ್ಮೆ ಎಂದರೆ ಏಳು ವರ್ಷದ ಮಗಳು ವಿಗಾತಿ. ಓದಿನಲ್ಲಿ ಹುಡುಗಿ ಅಷ್ಟಕ್ಕಷ್ಟೆ, ನೋಡಲು ಸಾಧಾರಣ. ಆದರೆ ಯಾರ ಮನೆಗೆ ಕರೆದುಕೊಂಡು ಹೋದರೂ ಹೊರಡುವಾಗ ಆ ಮನೆಯವರು, “ಎಂಥಾ ಮಗು ರೀ ನಿಮ್ಮದು! ಎಷ್ಟು ಚೆನ್ನಾಗಿ ಬೆಳೆಸಿದ್ದೀರಿ!” ಎನ್ನದೆ ಬಿಡುತ್ತಿರಲಿಲ್ಲ. ಆ ಮಾತು ಕೇಳಿದ ದಿನ ಮುರ್ವಾನಿ ರಾಶಿ ಬಟ್ಟೆಯನ್ನು ಗೊಣಗದೆ ಒಗೆಯುತ್ತಿದ್ದಳು.

ಹಾಗೆ ಬೆಳೆಸಲು ಅವಳು ಮಾಡಿದ್ದ ಕಟ್ಟಳೆ ಇಷ್ಟೆ. ಪರರ ಮನೆಯಲ್ಲಿ ತಿಂಡಿಯ ಡಬ್ಬಿಯನ್ನು ಕಣ್ಣೆತ್ತಿ ನೋಡಕೂಡದು. ಮೊದಲ ಸಲ ತಗೋ ಅಂದರೆ ಬೇಡ ಅನ್ನಬೇಕು. ಎರಡನೇ ಸಲ ಅಂದರೆ ಹೊಟ್ಟೆ ತುಂಬಿದೆ ಅನ್ನಬೇಕು. ಮನೆಯ ಯಜಮಾನಿ ತಾನೇ ಮೂರನೇ ಸಲ ಹೇಳಿದರೆ ಆಗ ಒಂದೇ ಒಂದು ತೆಗೆದುಕೊಳ್ಳಬೇಕು, ಅದೂ ಇರುವುದರಲ್ಲೇ ಚಿಕ್ಕದನ್ನು. ತಟ್ಟೆಯಲ್ಲಿ ಕೊನೆಯದೊಂದೇ ಉಳಿದಿದ್ದರೆ ಅದರ ತಂಟೆಗೇ ಹೋಗಬಾರದು. ಗಲ್ಲಿಯ ದೊಡ್ಡವರೆಲ್ಲ ಹೆಚ್ಚುಕಡಿಮೆ ಹೀಗೇ ನಡೆದುಕೊಳ್ಳುತ್ತಿದ್ದರು; ಮಕ್ಕಳಿಗೆ ಮಾತ್ರ ಯಾರೂ ಇಷ್ಟು ಬಿಗಿ ಮಾಡುತ್ತಿರಲಿಲ್ಲ. ಮುರ್ವಾನಿ ಮಾಡುತ್ತಿದ್ದಳು. ಬಟ್ಟೆ ಒಗೆಯುವವಳ ಮಗಳು ಆಸೆಬುರುಕಿ ಎಂದು ಯಾರ ಬಾಯಲ್ಲೂ ಬರಬಾರದು ಎಂಬುದು ಅವಳ ಹಟ.

ಈ ಹಟಕ್ಕೊಂದು ಕಥೆ ಇತ್ತು. ಮಗಳ ತಲೆ ಬಾಚುವಾಗಲೆಲ್ಲ ಅದನ್ನು ಹೇಳುತ್ತಿದ್ದಳು. ಮುರ್ವಾನಿ ಎಂಟು ವರ್ಷದವಳಿದ್ದಾಗ ಅವಳ ತಾಯಿ ಬಾಟಿಕ್ ವ್ಯಾಪಾರಿಯೊಬ್ಬರ ದೊಡ್ಡ ಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ಒಂದು ದಿನ ಇವಳನ್ನೂ ಕರೆದೊಯ್ದು ಹಿತ್ತಲ ಜಗಲಿಯಲ್ಲಿ ಕೂರಿಸಿದ್ದಳು. ಆ ಮನೆಯ ಯಜಮಾನಿ ತಟ್ಟೆ ತುಂಬ ಕ್ಲೆಪೊನ್ ತಂದಿಟ್ಟರು, ಒಳಗೆ ಬೆಲ್ಲ ತುಂಬಿ ಮೇಲೆ ಕಾಯಿತುರಿ ಹೊರಳಿಸಿದ ಹಸಿರು ಉಂಡೆಗಳು. ತಗೋ ಮಗು ಎಂದರು, ಬೇಡ ಎಂದಳು. ತಗೋ ಎಂದರು, ಹೊಟ್ಟೆ ತುಂಬಿದೆ ಎಂದಳು. ಅಷ್ಟರಲ್ಲಿ ಯಾರೋ ನೆಂಟರು ಬಂದು ಯಜಮಾನಿ ಎದ್ದುಹೋದರು, ಮತ್ತೆ ಬರಲಿಲ್ಲ. ಮಧ್ಯಾಹ್ನದಿಂದ ಸಂಜೆಯವರೆಗೆ ಹುಡುಗಿ ತಟ್ಟೆಯ ಮುಂದೆ ಕೂತಿತ್ತು, ಒಂದನ್ನೂ ಮುಟ್ಟಲಿಲ್ಲ. ಮನೆಗೆ ಮರಳುವ ದಾರಿಯಲ್ಲಿ ತಾಯಿ ಅವಳ ತಲೆಯ ಮೇಲೆ ಕೈಯಿಟ್ಟು, “ಇವತ್ತು ನನ್ ಮಾನ ಉಳಿಸ್ದೆ ಕಣೇ” ಎಂದಳಂತೆ. ಕಥೆ ಅಲ್ಲಿಗೆ ಮುಗಿಯುತ್ತಿತ್ತು, ಜಡೆಯೂ ಮುಗಿಯುತ್ತಿತ್ತು.

ಇಂಥವಳಿಗೆ ಗೆಳತಿಯಾಗಿ ಸಿಕ್ಕವಳು ಜುಮಿಲಾ! ಗಲ್ಲಿಯ ತಿರುವಿನಾಚೆ ಅವಳ ಮನೆ. ಮದುವೆ ಮುಂಜಿಗಳಿಗೆ ತಿಂಡಿಯ ಪೊಟ್ಟಣ ಮಾಡಿಕೊಡುವವಳು. ಅವಳ ತಾಯಿ ಮಾರುಕಟ್ಟೆಯಲ್ಲಿ ತಿಂಡಿ ಮಾರುತ್ತಿದ್ದಳು. ಜುಮಿಲಾ ಹುಟ್ಟಿನಿಂದ ತಿಂಡಿಯ ಬುಟ್ಟಿಗಳ ನಡುವೆಯೇ ಅಂಬೆಗಾಲಿಟ್ಟವಳು. ಅವಳ ಮನೆಯಲ್ಲಿ ಡಬ್ಬಿಗೆ ಮುಚ್ಚಳ ಹಾಕುವ ಅಭ್ಯಾಸವೇ ಇರಲಿಲ್ಲ. ಬೆಳಿಗ್ಗೆ ಮಾಡಿದ ಅನ್ನ ಪಲ್ಯ ಮೇಜಿನ ಮೇಲೆ ಬುಟ್ಟಿ ಕವುಚಿ ಇಟ್ಟಿರುತ್ತಿತ್ತು, ಹಸಿದವರು ಹಸಿದಾಗ ಬಡಿಸಿಕೊಂಡು ತಿನ್ನುವುದು. ಮಗು ಅಂದಮೇಲೆ ಕಂಡದ್ದನ್ನು ತೆಗೆದು ಬಾಯಿಗೆ ಹಾಕಿಕೊಳ್ಳಬೇಕು, ಕೇಳುವುದೇನು ಬಂತು ಎಂಬುದು ಅವಳ ಕಟ್ಟಳೆ. ಅವಳ ಮಗ ಒಂಬತ್ತು ವರ್ಷದ ದಾನು ಇದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದ.

ಆದರೂ ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟಿರುತ್ತಿರಲಿಲ್ಲ. ವಿಗಾತಿ ಹುಟ್ಟುವಾಗ ಗಂಡ ಬಸ್ಸಿನ ಮೇಲಿದ್ದ. ಎರಡು ದಿನ ಮುರ್ವಾನಿಯ ಸೊಂಟ ತಿಕ್ಕುತ್ತಾ ಕೂತವಳು ಜುಮಿಲಾ. ಮೂರು ವರ್ಷಕ್ಕೆ ದೊಡ್ಡವಳು, ಹಾಗಾಗಿ ಇವಳಿಗೆ ಅಕ್ಕ, ವಿಗಾತಿಗೆ ದೊಡ್ಡಮ್ಮ. ಮುರ್ವಾನಿಗೆ ಆ ಊರಲ್ಲಿ ಮನಸ್ಸು ಬಿಚ್ಚಿ ಅಳಲು ಇದ್ದ ಜಾಗ ಅದೊಂದೇ.

ಜಗಳ ಹತ್ತಿದ್ದು ತಿಂಡಿಯ ದೆಸೆಯಿಂದ. ರಂಜಾನಿನ ಉಪವಾಸ ಮುಗಿಯುವ ಲೆಬಾರಾನ್ ಹಬ್ಬದ ದಿನ ಮುರ್ವಾನಿಯ ಮೇಜಿನ ಮೇಲೆ ಎಲ್ಲರ ಮನೆಯಲ್ಲಿರುವಂಥದೇ ಕೆಂಪು ಬಿಸ್ಕತ್ ಡಬ್ಬಿ ಇತ್ತು. ಆ ಡಬ್ಬಿಯೊಳಗೆ ಬಿಸ್ಕತ್ತಿರುವುದಿಲ್ಲ, ಅಕ್ಕಿಯ ಸಂಡಿಗೆ ಇರುತ್ತದೆ ಎಂಬುದು ಜಾವಾದ ಹಾಲುಗಲ್ಲದ ಮಕ್ಕಳಿಗೂ ಗೊತ್ತು. ಆ ವರ್ಷ ಮುರ್ವಾನಿ ಹಟಕ್ಕೆ ಬಿದ್ದು ನಿಜವಾದ ಬಿಸ್ಕತ್ ತಂದಿದ್ದಳು. ದಾನು ಬಂದವನೇ ಮುಚ್ಚಳ ತೆಗೆದು ಬೊಬ್ಬೆ ಹಾಕಿದ:

“ಅಮ್ಮಾ! ಇಲ್ಲಿ ನಿಜ್ವಾಗ್ಲೂ ಬಿಸ್ಕತ್ತಿದೆ!”

ಎರಡೂ ಕೈ ತುಂಬ ಬಾಚಿಕೊಂಡ, ಜೇಬಿಗೂ ತುರುಕಿದ. ಇನ್ನೂ ಅರ್ಧ ಗಲ್ಲಿ ಬಂದುಹೋಗುವುದು ಬಾಕಿ ಇತ್ತು. ಮುರ್ವಾನಿ ನಗುತ್ತಲೇ ಎದ್ದು ಡಬ್ಬಿಯನ್ನು ಎತ್ತಿ ಬೀರುವಿನ ಮೇಲಿಟ್ಟಳು.

ಜುಮಿಲಾ ಸುಮ್ಮನಿರುವ ಪೈಕಿ ಅಲ್ಲ. “ಏನೇ ಮುರ್, ನಿಮ್ಮನೆ ಬಿಸ್ಕತ್ತಿಗೂ ಪೊಲೀಸ್ ಕಾವಲಾ?” ಎಂದಳು. ನಗುತ್ತಾ ಹೇಳಿದರೂ ಕಿವಿ ಕೆಂಪಾಗಿತ್ತು.

“ಮಕ್ಕಳಿಗೆ ಸ್ವಲ್ಪ ಕೇಳಿ ತಗೊಳ್ಳೋದು ಕಲಿಸ್ಬೇಕಲ್ವಾ ಅಕ್ಕ” ಎಂದಳು ಇವಳು, ಇನ್ನೂ ಮೆತ್ತಗೆ.

“ಕಲಿಸ್ತೀನಿ ಬಿಡು. ನಿನ್ ಮಗಳ ಹತ್ರ ಟ್ಯೂಷನ್‌ಗೆ ಕಳಿಸ್ತೀನಿ.”

ಅದಾದ ತಿಂಗಳಿಗೆ ಇನ್ನೊಂದು. ಜುಮಿಲಾ ತನ್ನ ಮನೆಗೆ ಬಂದ ವಿಗಾತಿಗೆ ಬಾಳೆಎಲೆಯಲ್ಲಿ ಸುತ್ತಿದ ಅಂಟಕ್ಕಿ ಅನ್ನದ ಲೆಂಪರ್ ಕೊಡಹೋದಳು. ಹುಡುಗಿ ಬೇಡ ಬೇಡ ಎಂದಾಗ ರೇಗಿ, “ಅಯ್ಯೋ ತಗೊಳ್ಳೇ ಮಾರಾಯ್ತಿ, ವಿಷ ಹಾಕಿಲ್ಲ!” ಎಂದು ಎರಡನ್ನು ಲಂಗದ ಜೇಬಿಗೆ ತುರುಕಿ ಕಳಿಸಿದಳು. ಮುರ್ವಾನಿ ಅದನ್ನು ನೋಡಿದ್ದು ಮನೆಗೆ ಬಂದಮೇಲೆ. ಒಂದರ ಬದಲು ಎರಡು! ಅವತ್ತು ಬೆಳಗಿನಿಂದ ಬೇರೆ ಏನೇನೋ ತಲೆಬಿಸಿ, ಮೆಷಿನ್ ಕೆಟ್ಟಿತ್ತು, ಗಿರಾಕಿಯೊಬ್ಬಳು ರವಿಕೆ ಬಣ್ಣ ಬಿಟ್ಟಿತೆಂದು ಬೈದು ಹೋಗಿದ್ದಳು. ಆ ಸಿಟ್ಟನ್ನೆಲ್ಲ ಒಟ್ಟುಮಾಡಿಕೊಂಡು ಮಗಳ ಕೈ ಹಿಡಿದು ವಾಪಸ್ಸು ನಡೆದು, ಒಂದು ಲೆಂಪರನ್ನು ಜುಮಿಲಾಳ ಹೊಸ್ತಿಲ ಮೇಲೆ ಇಡಿಸಿ ಬಂದಳು. ಕೊಟ್ಟ ತಿಂಡಿಯನ್ನು ಹೊಸ್ತಿಲಿಗೆ ತಂದಿಡುವುದೆಂದರೆ ಮುಖಕ್ಕೆ ಹೊಡೆದ ಹಾಗೆ. ಹದಿನೈದು ದಿನ ಮಾತಿಲ್ಲ ಕಥೆಯಿಲ್ಲ. ಮುರ್ವಾನಿ ಅಷ್ಟೂ ದಿನ ಬಟ್ಟೆಯ ಜೊತೆ ಮಾತಾಡಿಕೊಂಡಿದ್ದಳು.

ಕಡೆಗೆ ಸೋತು ಬಂದವಳು ಜುಮಿಲಾನೇ. ಮೇಜುಬಟ್ಟೆಯ ಗಂಟೊಂದನ್ನು ತಕ್ಕಡಿಯ ಮೇಲೆ ದೊಪ್ಪನೆ ಹಾಕಿ, ಅಲ್ಲೇ ಸ್ಟೂಲಿನ ಮೇಲೆ ಕೂತಳು.

“ನೋಡೇ, ನಿನ್ ಬಿಟ್ಟು ನಂಗೆ ಹೊತ್ತು ಹೋಗಲ್ಲ. ನಿನ್ ರೂಲ್ಸು ನಿಂಗೆ, ನನ್ ರೂಲ್ಸು ನಂಗೆ. ಇನ್ಮೇಲೆ ನಿನ್ ಮಗಳಿಗೆ ನಾನು ಬಲವಂತ ಮಾಡಲ್ಲ. ತಗೋ ಅಂತ ಒಂದ್ಮಾತು ಹೇಳ್ತೀನಿ. ಬೇಕಂದ್ರೆ ತಿಂತಾಳೆ, ಬೇಡಾಂದ್ರೆ ಬಿಡ್ತಾಳೆ. ಸಮಾಧಾನಾನಾ?”

“ನಾನೂ ದಾನುಗೆ ಏನೂ ಅನ್ನಲ್ಲ ಅಕ್ಕ” ಎಂದಳು ಮುರ್ವಾನಿ. ಕಣ್ಣು ತುಂಬಿ ಬಂದಿತ್ತು. ಇಬ್ಬರೂ ಗಟ್ಟಿ ಸಿಹಿ ಚಹಾ ಮಾಡಿಕೊಂಡು ಕುಡಿದರು, ಗಂಡಂದಿರನ್ನು ಬೈದರು, ಎಲ್ಲ ಸರಿಹೋಯಿತು. ಈ ಹೊಸ ಒಪ್ಪಂದವನ್ನು ಮಗಳಿಗೂ ಒಂದು ಮಾತು ತಿಳಿಸಬೇಕೆಂದು ಮಾತ್ರ ಮುರ್ವಾನಿಗೆ ಹೊಳೆಯಲೇ ಇಲ್ಲ.

ಮದುವೆಗಳ ತಿಂಗಳು ಬಂತು. ಮದುಮಕ್ಕಳ ಉಡುಪು ಬಾಡಿಗೆಗೆ ಕೊಡುವ ಅಂಗಡಿಯೊಂದರಿಂದ ಭಾನುವಾರ ಬೆಳ್ಳಂಬೆಳಿಗ್ಗೆ ಬಟ್ಟೆಯ ಮೂಟೆಗಳು ಬಂದು ಬಿದ್ದವು. ಸಂಜೆಯೊಳಗೆ ಒಗೆದು ಒಣಗಿಸಿ ಕೊಡಲೇಬೇಕು. ವಿಗಾತಿಗೆ ಶಾಲೆಯಿಲ್ಲ, ಕಸೂತಿಯ ಬಟ್ಟೆಗಳ ನಡುವೆ ಮಗು ಓಡಾಡುವುದು ಬೇಡವೆಂದು ಏಳು ಗಂಟೆಗೇ ಅವಳನ್ನು ಜುಮಿಲಾಳ ಮನೆಗೆ ತಂದು ಬಿಟ್ಟಳು. ಮಗು ಕುಡಿದದ್ದು ಒಂದು ಲೋಟ ಚಹಾ. ಮುರ್ವಾನಿ ಅದನ್ನೂ ಕುಡಿದಿರಲಿಲ್ಲ.

ಅಲ್ಲಿಯೂ ಅವತ್ತು ನೂಕುನುಗ್ಗಲು. ಮದುವೆಯೊಂದಕ್ಕೆ ನಾನೂರು ಪೊಟ್ಟಣ ಹೋಗಬೇಕಿತ್ತು. ಮೂರು ಜನ ಕೆಲಸದ ಹೆಂಗಸರು ನೆಲದ ಮೇಲೆ ಕೂತು ಎಲೆ ಮಡಿಸುತ್ತಿದ್ದರು. ಮಂಚ, ಮೇಜು, ಕಿಟಕಿಯ ದಂಡೆ, ಎಲ್ಲೆಲ್ಲೂ ತಿಂಡಿಯ ತಟ್ಟೆ.

“ಎರಡ್ ಗಂಟೆ ಅಷ್ಟೇ ಅಕ್ಕ, ಬಂದ್ಬಿಡ್ತೀನಿ.”

“ಸಂಜೆ ತನಕ ಇರ್ಲಿ ಬಿಡೇ, ನನ್ ತಲೆ ಮೇಲೇನು ಕೂತ್ಕೊಳ್ತಾಳಾ?” ಎಂದಳು ಜುಮಿಲಾ, ಹಬೆಯ ಪಾತ್ರೆಯಿಂದ ತಲೆಯೆತ್ತದೆ. “ಬಾ ಮಗಳೇ, ಕೂತ್ಕೋ. ತಿಂಡಿ ಇದೆ, ತಗೋ.”

“ಬೇಡ ದೊಡ್ಡಮ್ಮ” ಎಂದಿತು ಮಗು. ಮುರ್ವಾನಿ ಅದನ್ನು ಕೇಳಿಸಿಕೊಂಡೇ ಗೇಟು ದಾಟಿದಳು.

ಹತ್ತು ಗಂಟೆಗೆ ಕರೆಂಟು ಹೋಯಿತು. ಮೆಷಿನ್‌ಗಳು ಅರ್ಧ ನೀರಿನಲ್ಲಿ ನಿಂತವು. ಮುರ್ವಾನಿ ಕಸೂತಿ ರವಿಕೆಗಳನ್ನು ಒಂದೊಂದಾಗಿ ಹೊರತೆಗೆದು, ಹಿತ್ತಲಿನ ಕಲ್ಲಿನ ಮೇಲೆ ಕೂತು ಕೈಯಲ್ಲಿ ಒಗೆಯತೊಡಗಿದಳು. ಹಿಂಡುವಂತಿಲ್ಲ, ಜಾಲಾಡುವಂತಿಲ್ಲ, ಮಗುವನ್ನು ಎರೆದ ಹಾಗೆ ಎರೆಯಬೇಕು. ಸೊಂಟ ಮುರಿದುಹೋಗುತ್ತಿತ್ತು. ಯಾರೋ ಹೆಣ್ಣು ಒಂದೇ ದಿನ ಉಟ್ಟು ಮೆರೆದ ಬಟ್ಟೆಯ ಬೆವರನ್ನು ತಾನು ಹೀಗೆ ಕೂತು ತೊಳೆಯುವುದು ಎಲ್ಲಿಗೆ ಮುಗಿಯುತ್ತದೆ ಎಂದು ಅವಳಿಗೇ ತಿಳಿಯಲಿಲ್ಲ. ತನ್ನ ತಾಯಿಯೂ ಹೀಗೇ ತೊಳೆದು ತೊಳೆದು ಒಂದು ದಿನ ಏಳಲಾರದೆ ಮಲಗಿಬಿಟ್ಟಳು.

ಒಂದು ಗಂಟೆಗೆ ಒದ್ದೆ ಕೈ ಒರೆಸಿಕೊಂಡು ಫೋನ್ ಮಾಡಿದಳು.

“ಮಗು ಹೇಗಿದ್ದಾಳೆ ಅಕ್ಕ?”

“ಅಯ್ಯೋ, ಅವಳು ಮನೇಲಿರೋದೇ ಗೊತ್ತಾಗಲ್ವಲ್ಲೇ! ಬೊಂಬೆ ಹಾಗೆ ಕೂತಿದ್ದಾಳೆ. ನನ್ನ ಮಗನ್ನ ನೋಡು, ಬೆಳಗಿಂದ ಹದಿನಾರು ಕ್ಲೆಪೊನ್ ನುಂಗಿದಾನೆ, ಕಟ್ಟೋಕೆ ಉಳಿಯುತ್ತೋ ಇಲ್ವೋ. ನೀನು ನಿಧಾನಕ್ಕೆ ಬಾ.”

ಮುರ್ವಾನಿ ಫೋನಿಟ್ಟು ಒಂದು ಗಳಿಗೆ ಹಾಗೇ ಗೋಡೆಗೊರಗಿ ನಿಂತಳು. ಬೆಳಗಿನಿಂದ ಮೊದಲ ಸಲ ಜೀವ ಹಗುರಾಯಿತು. ಮತ್ತೆ ಕಲ್ಲಿನ ಮೇಲೆ ಹೋಗಿ ಕೂತಳು.

ಎಲ್ಲ ಒಣಗಿಸಿ, ಬಾಡಿಗೆ ಅಂಗಡಿಯವರ ಗಾಡಿಗೆ ಏರಿಸಿ, ಅವಳು ಜುಮಿಲಾಳ ಮನೆಗೆ ಬಂದಾಗ ಮಸೀದಿಯ ಸಂಜೆಯ ಬಾಂಗ್‌ಗೆ ಇನ್ನು ಸ್ವಲ್ಪವೇ ಹೊತ್ತಿತ್ತು. ಪೊಟ್ಟಣಗಳೆಲ್ಲ ಹೋಗಿ ಮನೆ ಖಾಲಿಯಾಗಿತ್ತು. ಕೆಲಸದವರಲ್ಲಿ ಇಬ್ಬರು ಹೋಗಿ, ಉಳಿದೊಬ್ಬಳು ನೆಲ ಗುಡಿಸುತ್ತಿದ್ದಳು. ದಾನು ಕೆನ್ನೆ ತುಂಬ ಕಾಯಿತುರಿ ಮೆತ್ತಿಕೊಂಡು ಫೋನಿನಲ್ಲಿ ಮುಳುಗಿದ್ದ. ವಿಗಾತಿ ಬೆಳಿಗ್ಗೆ ಕೂತ ಮೂಲೆಯಲ್ಲೇ, ಅದೇ ಚಾಪೆಯ ಮೇಲೆ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮುಂದೆ ಒಂದು ತಟ್ಟೆ, ಅದರಲ್ಲಿ ಉಳಿದ ಕ್ಲೆಪೊನ್.

“ಏಳು ಪುಟ್ಟಿ, ಹೋಗೋಣ.”

ಮಗು ಎದ್ದಿತು. ಒಂದು ಹೆಜ್ಜೆ ಇಟ್ಟು, ಮೊಣಕಾಲು ಮಡಿಚಿ ಅಲ್ಲೇ ಕುಸಿದು ಕೂತಿತು. ಮುರ್ವಾನಿ ಪಕ್ಕದಲ್ಲೇ ಕೂತು ಮುಟ್ಟಿ ನೋಡಿದರೆ ಹಣೆಯ ಮೇಲೆ ತಣ್ಣನೆಯ ಬೆವರು. ಜುಮಿಲಾ ಓಡಿಬಂದು ಸಿಹಿ ಚಹಾ ತಂದು ಬಾಯಿಗೆ ಹಿಡಿದಳು. ವಿಗಾತಿ ತಾಯಿಯ ಮುಖ ನೋಡಿತು. “ಕುಡಿ” ಎಂದಳು ಮುರ್ವಾನಿ. ಕುಡಿದ ಮರುಗಳಿಗೆಗೆ ಎಲ್ಲ ಹೊರಗೆ ಬಂತು. ಬಂದದ್ದು ಬರೀ ಚಹಾ, ಅದರಲ್ಲಿ ಒಂದು ಅಗುಳೂ ಇರಲಿಲ್ಲ.

“ಮಧ್ಯಾಹ್ನ ಏನ್ ತಿಂದೆ ಮಗಳೇ?” ಜುಮಿಲಾಳ ದನಿ ಸಣ್ಣಗಾಗಿತ್ತು.

ಉತ್ತರ ಕೊಟ್ಟವನು ದಾನು. “ಅವಳೇನೂ ತಿಂದಿಲ್ಲಮ್ಮ. ನಾನು ಕೊಟ್ಟೆ, ಬೇಡ ಅಂದ್ಲು. ನಾನೇ ತಿಂದೆ.”

“ನಾನು ಹೇಳಿದ್ನಲ್ಲೇ ತಗೋ ಅಂತ! ಹೇಳ್ಲಿಲ್ವಾ ಮಗಳೇ?”

“ಹೇಳಿದ್ರಿ ದೊಡ್ಡಮ್ಮ” ಎಂದಿತು ವಿಗಾತಿ. ಎರಡು ಬೆರಳು ಮಡಿಸಿ ತೋರಿಸಿತು. “ಬೆಳಿಗ್ಗೆ ಒಂದ್ಸಲ. ಆಮೇಲೆ ಮಧ್ಯಾಹ್ನದ ಬಾಂಗ್ ಆದ್ಮೇಲೆ ಒಂದ್ಸಲ. ಆ ಗುಡಿಸೋ ಅಕ್ಕನೂ ಒಂದ್ಸಲ ಹೇಳಿದ್ರು, ಆದ್ರೆ ಅವರು ಈ ಮನೆ ಯಜಮಾನಿ ಅಲ್ವಲ್ಲ, ಅದಕ್ಕೆ ಲೆಕ್ಕ ಇಟ್ಕೊಳ್ಳಿಲ್ಲ.”

ಗುಡಿಸುತ್ತಿದ್ದ ಹೆಂಗಸು ಪೊರಕೆ ಹಿಡಿದುಕೊಂಡು ಹಾಗೇ ನಿಂತಳು. ವಿಗಾತಿ ತಾಯಿಯ ಕಡೆ ತಿರುಗಿತು. ಒಣಗಿದ ತುಟಿ, ಕಣ್ಣು ಗುಳಿಬಿದ್ದಿತ್ತು, ಆದರೂ ಮುಖದ ತುಂಬ ನಗು.

“ನಾನೂ ನಿನ್ನ ಥರಾನೇ ಇದ್ದೆ ಅಮ್ಮ. ಬೆಳಗಿಂದ ಇಲ್ಲೇ ಇತ್ತು. ಒಂದೂ ಮುಟ್ಲಿಲ್ಲ.”

ಹೇಳಿ, ತಲೆಯನ್ನು ಸ್ವಲ್ಪ ಬಗ್ಗಿಸಿ ಮುಂದಕ್ಕೆ ಚಾಚಿತು. ಕಥೆಯ ಕೊನೆಯಲ್ಲಿ ಬರುವ ಕೈಗಾಗಿ ಅದು ಕಾಯುತ್ತಿತ್ತು.

ಜುಮಿಲಾ ನೆಲದ ಮೇಲೆ ಕೂತು ಗೊಳೋ ಎಂದು ಅಳತೊಡಗಿದಳು. “ಲೇ ಮುರ್, ಇದೇನೇ ಮಾಡಿಟ್ಟಿದ್ದೀಯಾ! ನಿನಗೋಸ್ಕರ ಬಾಯಿ ಕಟ್ಕೊಂಡೆ ಕಣೇ ನಾನು! ಇಲ್ದಿದ್ರೆ ಹಿಡಿದು ಬಾಯಿಗೆ ತುರುಕ್ತಿರ್ಲಿಲ್ವಾ? ನಾನೂರು ಜನಕ್ಕೆ ತಿಂಡಿ ಕಟ್ಟಿದ್ದೀನಿ ಇವತ್ತು. ನನ್ನ ಮನೇಲಿ, ನನ್ನ ಕಣ್ಣೆದುರಿಗೆ ಕೂಸು ಉಪವಾಸ!”

ಮುರ್ವಾನಿ ಬಗ್ಗಿದ ಆ ಪುಟ್ಟ ತಲೆಯನ್ನೇ ನೋಡುತ್ತಿದ್ದಳು. ಬೆಳಿಗ್ಗೆ ತಾನೇ ಹಾಕಿದ ಜಡೆ ಒಂದು ಎಳೆಯೂ ಕದಲದೆ ಹಾಗೇ ಇತ್ತು. ದಿನವಿಡೀ ಬಟ್ಟೆ ಒಗೆದ ಕೈಗಳು ತೊಡೆಯ ಮೇಲೆ ಭಾರವಾಗಿ ಬಿದ್ದಿದ್ದವು. ಶಹಬ್ಬಾಸ್ ಎನ್ನಲು ಅವು ಏಳಲಿಲ್ಲ. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

“ಪುಟ್ಟಿ, ಆ ಕಥೆ ಅಲ್ಲಿಗೆ ಮುಗಿಯಲ್ಲ” ಎಂದಳು ಕಡೆಗೆ.

ವಿಗಾತಿ ತಲೆಯೆತ್ತಿತು.

“ಅಜ್ಜಿ ತಲೆ ಮೇಲೆ ಕೈಯಿಟ್ಟಳು ಅಂದ್ನಲ್ಲ, ಆಮೇಲೆ ಮನೆಗೆ ಹೋದ್ವಿ. ಮನೇಲಿ ಏನೂ ಇರ್ಲಿಲ್ಲ. ಅಜ್ಜಿ ನೀರಿಗೆ ಹೋದ್ಲು. ಹಿತ್ತಲಲ್ಲಿ ಕೋಳಿಗೆ ಅಂತ ಚಿಪ್ಪಲ್ಲಿ ತೌಡು, ಹಳಸಿದ ಅನ್ನ ಕಲಸಿಟ್ಟಿದ್ರು. ನಾನು ಹೋಗಿ ಅದನ್ನ ತಿಂದೆ.”

“ಕೋಳಿದಾ?”

“ಕೋಳಿದೇ. ಅದನ್ನ ದೂಡಿ ದೂಡಿ ತಿಂದೆ. ಅದು ಬಿಡ್ಲಿಲ್ಲ, ಕುಕ್ತು. ನೋಡಿಲ್ಲಿ.” ಮುರ್ವಾನಿ ಎಡಗೈ ಹೆಬ್ಬೆರಳಿನ ಬುಡ ತೋರಿಸಿದಳು. “ಇದು ಇಸ್ತ್ರಿಪೆಟ್ಟಿಗೆದಲ್ಲ.”

ಜುಮಿಲಾಳ ಅಳು ನಿಂತಿತು. ಅವಳಿಗೂ ಈ ಸಂಗತಿ ಗೊತ್ತಿರಲಿಲ್ಲ. ವಿಗಾತಿ ಆ ಗುರುತನ್ನು ಬೆರಳಿನಿಂದ ಸವರಿತು.

“ಅಜ್ಜಿಗೆ ಹೇಳಿದ್ಯಾ?”

“ಇಲ್ಲ. ಅಜ್ಜಿ ಅಷ್ಟು ಖುಷಿಯಾಗಿದ್ಲು. ಹೇಗೆ ಹೇಳೋದು?”

ಹೊರಗೆ ಬಾಂಗ್ ಶುರುವಾಯಿತು. ಮುರ್ವಾನಿ ಸರಿದು ಕೂತು ತಟ್ಟೆಯನ್ನು ತನ್ನ ಮುಂದಕ್ಕೆ ಎಳೆದುಕೊಂಡಳು. ಯಾರೂ ತಗೋ ಎಂದಿರಲಿಲ್ಲ. ಒಂದು ಕ್ಲೆಪೊನ್ ತೆಗೆದು, ಇರುವುದರಲ್ಲೇ ದಪ್ಪನೆಯದನ್ನು, ಇಡಿಯಾಗಿ ಬಾಯಿಗೆ ಹಾಕಿಕೊಂಡಳು. ಒಳಗಿನ ಬೆಲ್ಲ ಒಡೆದು ತುಟಿಯ ಅಂಚಿನಿಂದ ಗಲ್ಲದವರೆಗೆ ಇಳಿಯಿತು. ಬೆಳಗಿನಿಂದ ಅವಳ ಬಾಯಿಗೆ ಬಿದ್ದದ್ದು ಅದೇ ಮೊದಲು.

“ಅಮ್ಮಾ!” ವಿಗಾತಿ ಹೌಹಾರಿತು. “ಯಾರೂ ಹೇಳೇ ಇಲ್ಲ!”

“ಗೊತ್ತು” ಎಂದಳು ಮುರ್ವಾನಿ, ಬಾಯಿ ತುಂಬಿಕೊಂಡೇ, ಮತ್ತೊಂದಕ್ಕೆ ಕೈ ಹಾಕುತ್ತಾ. “ನೀನೂ ತಗೋ.”

ಮಗುವಿನ ಕೈ ಏಳಲಿಲ್ಲ. ಅದು ತಾಯಿಯನ್ನು ನೋಡಿತು, ತಟ್ಟೆಯನ್ನು ನೋಡಿತು, ಆಮೇಲೆ ಜುಮಿಲಾಳ ಕಡೆ ತಿರುಗಿ, ಮಡಿಸಿದ ಎರಡು ಬೆರಳನ್ನು ಹಾಗೇ ಹಿಡಿದುಕೊಂಡು ಕಾದಿತು.

ಜುಮಿಲಾ ತಲೆವಸ್ತ್ರದ ಅಂಚಿನಿಂದ ಮೂಗು ಒರೆಸಿಕೊಂಡಳು. “ತಗೋ ನನ್ನವ್ವಾ” ಎಂದಳು. “ತಗೋ, ತಿನ್ನು.”

ವಿಗಾತಿ ಮೂರನೆಯ ಬೆರಳು ಮಡಿಸಿತು. ತಟ್ಟೆಯ ಮೇಲೆ ಬಗ್ಗಿ, ಉಳಿದ ಉಂಡೆಗಳನ್ನೆಲ್ಲ ಒಂದೊಂದಾಗಿ ನೋಡಿ, ಅವುಗಳಲ್ಲಿ ಚಿಕ್ಕದನ್ನು ಹುಡುಕಿ ತೆಗೆದುಕೊಂಡಿತು.